ಲಿಫ್ಟ್ ಮಾಡಿದ ಜಿಮ್ನಿಗೆ ದೊಡ್ಡ ಟೈರು: ಉಜ್ಜದಂತೆ ಕೂರಿಸುವ ಸಮಗ್ರ ಮಾರ್ಗದರ್ಶಿ

ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದ ಮೇಲೂ ದೊಡ್ಡ ಟೈರು ಉಜ್ಜುತ್ತಿದೆ ಎನ್ನುವವರ ಗಾಡಿ ನೋಡಿದರೆ, ಬಹುತೇಕ ಕಡೆ ಕೆಲಸದ ಕ್ರಮವೇ ತಲೆಕೆಳಗಾಗಿರುತ್ತದೆ. ಮೊದಲು ಐದು ಟೈರು ಕೊಳ್ಳುತ್ತಾರೆ, ಆಮೇಲೆ ಲಿಫ್ಟ್ ಮಾಡಿಸುತ್ತಾರೆ, ಕೊನೆಗೆ ಉಜ್ಜಿದ ಕಡೆಯೆಲ್ಲ ಬಂಪರ್ ಕತ್ತರಿಸುತ್ತಾ ಹೋಗುತ್ತಾರೆ.

ಲಿಫ್ಟ್ ಬದಲಿಸುವುದು ಗಾಡಿ ನಿಂತಾಗಿನ ಎತ್ತರವನ್ನು ಮಾತ್ರ. ಗುಂಡಿಗಿಳಿದು ಸ್ಪ್ರಿಂಗ್ ಪೂರ್ತಿ ಅದುಮಿದಾಗ ಟೈರು ಎಲ್ಲಿಯವರೆಗೆ ಮೇಲೇರುತ್ತದೆ ಎಂಬುದು ಬಂಪ್ ಸ್ಟಾಪ್ (ಚಕ್ರ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ಕೈಯಲ್ಲಿದೆ. ಅದರ ಉದ್ದ ಹಳೆಯದೇ ಆಗಿದ್ದರೆ 50 ಮಿ.ಮೀ. ಲಿಫ್ಟ್ ಇದ್ದರೂ ಟೈರು ಮೊದಲಿನಷ್ಟೇ ಮೇಲೆ ಹೋಗುತ್ತದೆ. ಮನೆ ಮುಂದೆ ಎರಡು ಬೆರಳು ಜಾಗ ಕಂಡ ಗಾಡಿ ಸಕಲೇಶಪುರದ ಎಸ್ಟೇಟ್ ರಸ್ತೆಯಲ್ಲಿ ಮಡ್‌ಗಾರ್ಡ್ ಹರಿದುಕೊಳ್ಳುವುದು ಇದರಿಂದಲೇ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಭಾರತದಲ್ಲಿ 2023ರಲ್ಲಿ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿ. ಅದಕ್ಕೆ 50 ಮಿ.ಮೀ. ಸಸ್ಪೆನ್ಷನ್ ಲಿಫ್ಟ್, 235/75 ಆರ್15 ಟೈರು. ಜಿಮ್ನಿಯಂತೆಯೇ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಹೌಸಿಂಗ್ (ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ಆಕ್ಸಲ್ ಕೊಳವೆ) ಇರುವ ಜಿಪ್ಸಿಗೂ ಇದೇ ತರ್ಕ ನಡೆಯುತ್ತದೆ, ಅಳತೆಗಳು ಮಾತ್ರ ಬೇರೆ. 2020ರ ನಂತರದ ಥಾರ್‌ಗೆ ಇದನ್ನು ಹಾಗೆಯೇ ಅನ್ವಯಿಸಬೇಡಿ. ಅದರ ಮುಂಭಾಗ ಇಂಡಿಪೆಂಡೆಂಟ್ (ಎಡಬಲ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ವ್ಯವಸ್ಥೆ) ಆದ್ದರಿಂದ ಲಿಫ್ಟ್ ಮಾಡಿದಾಗ ಡ್ರೈವ್ ಶಾಫ್ಟ್‌ನ ಕೋನ ಮತ್ತು ಮೇಲಿನ ಆರ್ಮ್‌ನ ಬಾಲ್ ಜಾಯಿಂಟ್ ಬೇರೆಯದೇ ಲೆಕ್ಕ ಕೇಳುತ್ತವೆ.

## ಹಂತ 1: ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿಯಲ್ಲಿರುವ ವಿವರ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಬಹುದು.

ಹಾಗಾಗಿ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಪಘಾತವಾದ ಮೇಲೆ ಸರ್ವೇಯರ್ ಮೊದಲು ನೋಡುವುದು ಟೈರನ್ನೇ. ಹಳೆಯ ಸ್ಪ್ರಿಂಗ್, ಶಾಕ್, ಡಿಸ್ಕ್ (ಟೈರು ಕೂರುವ ರಿಮ್), ಟೈರುಗಳನ್ನು ಗುಜರಿಗೆ ಹಾಕಬೇಡಿ, ಮರಳಿ ಹಾಕುವ ಪ್ರಸಂಗ ಬರಬಹುದು.

## ಹಂತ 2: ಟೈರಿನ ಲೆಕ್ಕ

ಕಂಪನಿಯ ಟೈರು 195/80 ಆರ್15. 195ರ ಶೇ. 80 ಅಂದರೆ 156 ಮಿ.ಮೀ. ಗೋಡೆ, ಅದರ ಎರಡರಷ್ಟು 312, ಅದಕ್ಕೆ 15 ಇಂಚಿನ ಡಿಸ್ಕ್‌ನ 381 ಸೇರಿ ಒಟ್ಟು ವ್ಯಾಸ 693 ಮಿ.ಮೀ. ಇದೇ ರೀತಿಯಲ್ಲಿ 215/75 ಆರ್15 ಟೈರಿನದು ಸುಮಾರು 704, 235/75 ಆರ್15 ಟೈರಿನದು ಸುಮಾರು 734. ಇದು ಕಾಗದದ ಮೇಲಿನ ಲೆಕ್ಕ. ಒಂದೇ ಅಳತೆಯ ಎರಡು ಬ್ರ್ಯಾಂಡ್‌ಗಳ ನಡುವೆ ಹತ್ತು ಮಿ.ಮೀ. ವ್ಯತ್ಯಾಸ ಸಾಮಾನ್ಯ. ದಪ್ಪ ಗಟ್ಟೆಯ ಮಡ್ ಟೆರೈನ್ ಟೈರಿನ ಭುಜವಂತೂ ಇನ್ನೂ ಹೊರಚಾಚಿರುತ್ತದೆ.

ವ್ಯಾಸ 40 ಮಿ.ಮೀ. ಹೆಚ್ಚಿದರೆ ಹೌಸಿಂಗ್ ಅಡಿಯ ಜಾಗ ಹೆಚ್ಚುವುದು ಅದರ ಅರ್ಧ, 20 ಮಿ.ಮೀ. ಮಾತ್ರ. ಲಿಫ್ಟ್‌ನಿಂದ ಹೌಸಿಂಗ್ ಒಂದು ಮಿ.ಮೀ. ಕೂಡ ಮೇಲೇಳುವುದಿಲ್ಲ, ಏಳುವುದು ಚಾಸಿ ಮತ್ತು ಬಾಡಿ. ಕಲ್ಲಿಗೆ ಡಿಫರೆನ್ಷಿಯಲ್ ಬಡಿಯುವುದೇ ನಿಮ್ಮ ತೊಂದರೆಯಾಗಿದ್ದರೆ ಟೈರಿನಿಂದ ಉಪಯೋಗವಿದೆ, ಬರೀ ಲಿಫ್ಟ್‌ನಿಂದ ಇಲ್ಲ.

ಟೈರಿನ ಗೋಡೆಯ ಮೇಲೆ ಮೂರು ವಿಷಯ ಓದಿ. ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ಭಾರದ ಅಂಕಿ) ಕಂಪನಿಯ ಟೈರಿಗಿಂತ ಕಡಿಮೆ ಇರಬಾರದು. ವೇಗದ ಅಕ್ಷರ ಕ್ಯೂ ಇದ್ದರೆ ಮಿತಿ ಗಂಟೆಗೆ 160 ಕಿ.ಮೀ., ಎಸ್ ಇದ್ದರೆ 180. ತಯಾರಿಕೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 0824 ಅಂದರೆ 2024ರ ಎಂಟನೇ ವಾರ. ಐದೂ ಟೈರಿನ ಅಳತೆ, ಬ್ರ್ಯಾಂಡ್, ವಿನ್ಯಾಸ ಒಂದೇ ಇರಲಿ. ಜಿಮ್ನಿಯಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗೇರ್) ಹಾಕಿದಾಗ ಹಿಂದೆ ಮುಂದೆ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಟೈರಿನ ವ್ಯಾಸ ಬೇರೆಬೇರೆಯಾದರೆ ಹಿಂದೆ ಮುಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಬಿಗಿತ ಕೂರುತ್ತದೆ, ಚಕ್ರದ ವೇಗ ಹೊಂದದೆ ಇಎಸ್‌ಪಿ (ಗಾಡಿ ಜಾರದಂತೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ) ಕೂಡ ಗೊಂದಲಕ್ಕೆ ಬೀಳುತ್ತದೆ.

ವಾರಾಂತ್ಯಕ್ಕೊಮ್ಮೆ ಮಣ್ಣಿಗಿಳಿದು ಉಳಿದ ದಿನ ಡಾಂಬರಿನ ಮೇಲೆ ಓಡಿಸುವವರಿಗೆ 215/75 ಆಲ್ ಟೆರೈನ್ ಸಾಕು. 1.5 ಲೀಟರ್ ಪೆಟ್ರೋಲ್ ಎಂಜಿನ್ನಿಗೆ 235/75 ಭಾರವೇ.

## ಹಂತ 3: ಡಿಸ್ಕ್ ಮತ್ತು ಆಫ್‌ಸೆಟ್

ಜಿಮ್ನಿಯ ಮೂಲ ಡಿಸ್ಕ್ 5.5 ಇಂಚು ಅಗಲ, ಆಫ್‌ಸೆಟ್ (ಹಬ್‌ಗೆ ಕೂರುವ ಮುಖ ಡಿಸ್ಕ್‌ನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಳತೆ) ಪ್ಲಸ್ 5. 215/75 ಇದರ ಮೇಲೆ ಕೂರುತ್ತದೆ. 235/75 ಟೈರಿಗೆ ಕನಿಷ್ಠ 6 ಇಂಚು ಬೇಕು, 6.5 ಸರಿಯಾದ ಅಗಲ. ಹಳೆಯ ಡಿಸ್ಕ್‌ಗೆ ಬಲವಂತವಾಗಿ ಕೂರಿಸಿದರೆ ಟೈರಿನ ನಡು ಉಬ್ಬಿ ಅಲ್ಲೇ ಸವೆಯುತ್ತದೆ. ಗಾಳಿ ಇಳಿಸಿ ಓಡಿಸುವಾಗ ಟೈರು ಡಿಸ್ಕ್‌ನಿಂದ ಕಳಚಿಕೊಳ್ಳುವ ಅಪಾಯವೂ ಇದೆ.

ಹೊಸ ಡಿಸ್ಕ್ ಕೇಳುವಾಗ ಇಷ್ಟು ಹೇಳಿ: ಐದು ತೂತು, ಪಿಸಿಡಿ (ನಟ್ ತೂತುಗಳ ವೃತ್ತದ ವ್ಯಾಸ) 139.7 ಮಿ.ಮೀ., ನಡುವಿನ ತೂತು 108 ಮಿ.ಮೀ. ಅಥವಾ ಹೆಚ್ಚು, ನಟ್ 12 ಮಿ.ಮೀ. ದಪ್ಪ, 1.25 ಥ್ರೆಡ್. ಥ್ರೆಡ್ ಅಳತೆ ಕೇಳದೆ ಕೊಟ್ಟ 1.5 ಥ್ರೆಡ್ಡಿನ ನಟ್ ಎರಡು ಸುತ್ತು ಹತ್ತಿ ಬಿಗಿಯಾಗುತ್ತದೆ. ಅದನ್ನೇ ಏರ್ ಗನ್ನಿನಿಂದ ತಿರುಗಿಸಿದರೆ ಸ್ಟಡ್ ಹಾಳು.

ಈಗ ಆಫ್‌ಸೆಟ್. 235ರ ಟೈರು 195ಕ್ಕಿಂತ 40 ಮಿ.ಮೀ. ಅಗಲ, ಅಂದರೆ ಒಳಗೆ 20, ಹೊರಗೆ 20. ಪ್ಲಸ್ 5ರಲ್ಲೇ ಉಳಿಸಿಕೊಂಡರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿನ ಒಳಗೋಡೆ ಹೌಸಿಂಗ್‌ನಿಂದ ಹಿಂದಕ್ಕೆ ಚಾಸಿಗೆ ಹೋಗುವ ಲೀಡಿಂಗ್ ಆರ್ಮ್‌ಗೆ ತಾಗುತ್ತದೆ. ಸೊನ್ನೆ ಆಫ್‌ಸೆಟ್‌ಗೆ ಹೋದರೆ ಒಳಗೋಡೆ ಮೂಲಕ್ಕಿಂತ 15 ಮಿ.ಮೀ. ಒಳಗೆ, ಹೊರಗೋಡೆ 25 ಮಿ.ಮೀ. ಹೊರಗೆ. ಮೈನಸ್ 15ಕ್ಕೆ ಹೋದರೆ ಒಳಗೋಡೆ ಮೂಲದ ಜಾಗದಲ್ಲೇ ಉಳಿಯುತ್ತದೆ, ಹೊರಗಡೆ ಮಾತ್ರ 40 ಮಿ.ಮೀ. ಚಾಚುತ್ತದೆ. ಆಗ ಆರ್ಮ್‌ಗೆ ತಾಗದ ಟೈರು ಬಂಪರಿನ ಮೂಲೆಗೂ ಮಡ್‌ಗಾರ್ಡಿನ ಹಿಂಬದಿಗೂ ಉಜ್ಜುತ್ತದೆ. ಸಾಲದ್ದಕ್ಕೆ ವೀಲ್ ಬೇರಿಂಗ್ ಮೇಲೆ ಭಾರ, ಕಲ್ಲಿಗೆ ಹೊಡೆದಾಗ ಸ್ಟೀರಿಂಗ್ ಒದೆತ, ಬಾಗಿಲಿಗೆ ಕೆಸರು.

ಸೊನ್ನೆಯಿಂದ ಮೈನಸ್ 10ರ ನಡುವೆ ಆರಿಸಿ, ಉಳಿದ ಜಾಗವನ್ನು ಸ್ಟೀರಿಂಗ್ ಸ್ಟಾಪ್‌ನಿಂದ (ಚಕ್ರದ ತಿರುವನ್ನು ತಡೆಯುವ ಬೋಲ್ಟ್) ಪಡೆಯುವುದು ಉತ್ತಮ. ಹಳೆಯ ಡಿಸ್ಕ್ ಉಳಿಸಿಕೊಂಡು ಹಬ್ ಮತ್ತು ಡಿಸ್ಕ್ ನಡುವೆ ಅಗ್ಗದ ಸ್ಪೇಸರ್ ಬಿಲ್ಲೆ ಹಾಕುವ ಯೋಚನೆ ಬಿಡಿ.

## ಹಂತ 4: ಬೇಕಾಗುವ ಸಾಮಾನು

ಎರಡು ಟನ್ನಿನ ಟ್ರಾಲಿ ಜಾಕಿ, ಅಷ್ಟೇ ಸಾಮರ್ಥ್ಯದ ಜಾಕಿ ಸ್ಟ್ಯಾಂಡ್ ಎರಡು ಜೊತೆ, ಟಾರ್ಕ್ ಪಾನ, 19 ಮಿ.ಮೀ. ಸಾಕೆಟ್, ಚಕ್ರಕ್ಕೆ ಕೊಡಲು ಮರದ ಅಡ್ಡೆಗಳು, ಅಳತೆ ಟೇಪು, ತೂಗುಗುಂಡು, ಸೀಮೆಸುಣ್ಣ, ಒಂದು ಉಂಡೆ ಗೋಧಿಹಿಟ್ಟಿನ ಕಣಕ. ಕಣಕದ ಕೆಲಸ ಮುಂದಿನ ಹಂತದಲ್ಲಿದೆ.

ಹಾಲೋ ಬ್ಲಾಕ್, ಇಟ್ಟಿಗೆ, ಸೈಜುಗಲ್ಲುಗಳ ಮೇಲೆ ಗಾಡಿ ನಿಲ್ಲಿಸಬೇಡಿ, ಅವು ಬಿರುಕು ತೋರಿಸದೆ ಒಮ್ಮೆಲೇ ಒಡೆಯುತ್ತವೆ. ಬರೀ ಜಾಕಿಯ ಮೇಲೆ ನಿಂತ ಗಾಡಿಯಡಿ ತಲೆ ಹಾಕುವುದೂ ಬೇಡ.

## ಹಂತ 5: ಸ್ಪ್ರಿಂಗ್ ಇಲ್ಲದೆ ಒಂದು ಟೈರಿನ ಪರೀಕ್ಷೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಲಿಫ್ಟ್ ಕಿಟ್ ಹಾಕುವ ದಿನ ಹಳೆಯ ಸ್ಪ್ರಿಂಗ್ ಬಿಚ್ಚಿ ಹೊಸದು ಹಾಕುವ ನಡುವೆ ಒಂದು ಗಂಟೆಯ ಅವಕಾಶ ಸಿಗುತ್ತದೆ. ಸ್ಪ್ರಿಂಗ್ ಇಲ್ಲದ ಹೌಸಿಂಗನ್ನು ಜಾಕಿಯೊಂದರಿಂದಲೇ ಬಂಪ್ ಸ್ಟಾಪ್‌ವರೆಗೆ ಏರಿಸಬಹುದು. ಹೊಸ ಡಿಸ್ಕ್ ಒಂದು, ಟೈರು ಒಂದು ಮಾತ್ರ ಮೊದಲು ತರಿಸಿ. ಹೊಂದದಿದ್ದರೆ ಹಿಂದಿರುಗಿಸುವ ಮಾತನ್ನು ಅಂಗಡಿಯವರೊಂದಿಗೆ ಮುಂಚೆಯೇ ಆಡಿಕೊಳ್ಳಿ.

1. ಚಾಸಿಯ ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಅಡ್ಡೆ ಇಡಿ. ಮುಂದಿನ ಹೌಸಿಂಗ್ ಜಾಕಿಯ ಮೇಲಿರಲಿ. ಶಾಕ್‌ನ ಕೆಳಬೋಲ್ಟ್ ಮತ್ತು ಸ್ಟೆಬಿಲೈಸರ್ ಲಿಂಕ್ ಬಿಚ್ಚಿ, ಸ್ಪ್ರಿಂಗ್ ತೆಗೆಯಿರಿ. ಹೌಸಿಂಗ್ ಇಳಿಸುವಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಳೆಯದಂತೆ ಒಬ್ಬರು ಕಣ್ಣಿಟ್ಟಿರಬೇಕು.

2. ಹೊಸ ಟೈರು ಹಾಕಿ, ಓಡಿಸುವಷ್ಟೇ ಗಾಳಿ ತುಂಬಿ. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್, ಬಂಪರಿನ ಹಿಂಮೂಲೆ, ಬಾಗಿಲ ಮುಂದಿನ ತಗಡಿನ ಮಡಿಕೆ, ಲೀಡಿಂಗ್ ಆರ್ಮ್ ಈ ನಾಲ್ಕು ಕಡೆ ಕಣಕವನ್ನು ಎರಡು ಬೆರಳು ದಪ್ಪಕ್ಕೆ ಮೆತ್ತಿ.

3. ಹೌಸಿಂಗನ್ನು ನೇರವಾಗಿ ಏರಿಸಿ, ಎರಡೂ ಬಂಪ್ ಸ್ಟಾಪ್ ತಾಗುವವರೆಗೆ. ಸ್ಟೀರಿಂಗನ್ನು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ತಿರುಗಿಸಿ.

4. ಈಗ ಒಂದೇ ಬದಿಯನ್ನು ಸ್ಟಾಪ್‌ಗೆ ಏರಿಸಿ, ಇನ್ನೊಂದು ಬದಿ ಇಳಿಬೀಳಲಿ. ಮತ್ತೆ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಏರಿದ ಬದಿಯ ಟೈರಿನ ಮೇಲ್ಭಾಗ ಒಳಕ್ಕೆ ವಾಲುವುದರಿಂದ ನಿಜವಾದ ಉಜ್ಜಾಟ ಕಾಣುವುದು ಇಲ್ಲೇ. ಇನ್ನೊಂದು ಬದಿಯಲ್ಲೂ ಮಾಡಿ, ಏಕೆಂದರೆ ಸ್ಟೀರಿಂಗ್ ರಾಡುಗಳಿಂದಾಗಿ ಎಡಬಲ ಸಮನಾಗಿರುವುದಿಲ್ಲ.

5. ಕಣಕದಲ್ಲಿ ಉಳಿದ ದಪ್ಪವನ್ನು ಅಳೆಯಿರಿ. ಬಾಡಿಯ ಕಡೆ 25 ಮಿ.ಮೀ., ಲೀಡಿಂಗ್ ಆರ್ಮ್ ಕಡೆ 10ರಿಂದ 12 ಮಿ.ಮೀ. ಉಳಿದಿರಬೇಕು. ಬಂಪ್ ಸ್ಟಾಪ್ ರಬ್ಬರು ಜೋರು ಏಟಿಗೆ ಇನ್ನಷ್ಟು ಅದುಮುತ್ತದೆ, ಮಲೆನಾಡಿನ ಅಂಟು ಕೆಮ್ಮಣ್ಣು ಟೈರಿಗೆ ಮೆತ್ತಿಕೊಂಡು ದಪ್ಪ ಹೆಚ್ಚಿಸುತ್ತದೆ.

ಲಿಫ್ಟ್ ಆಗಲೇ ಹಾಕಿಸಿ ಆಗಿದ್ದರೆ ಸಮತಟ್ಟಾದ ಕಡೆ ಎಡ ಮುಂಚಕ್ರವನ್ನೂ ಬಲ ಹಿಂಚಕ್ರವನ್ನೂ ಗಟ್ಟಿ ರ‍್ಯಾಂಪ್ ಮೇಲೆ ಹತ್ತಿಸಿ, ಕಣಕದ ಪರೀಕ್ಷೆ ಮಾಡಿ. ಆಮೇಲೆ ಬದಿ ಬದಲಿಸಿ. ಇದರಲ್ಲಿ ಸ್ಪ್ರಿಂಗ್ ಪೂರ್ತಿ ಅದುಮುವುದು ಅಪರೂಪ. ಆದ್ದರಿಂದ ಬಂಪ್ ಸ್ಟಾಪ್‌ಗೂ ಅದರ ತಟ್ಟೆಗೂ ಉಳಿದ ಅಂತರ ಅಳೆದು, ಸಿಕ್ಕ ಜಾಗದಿಂದ ಅಷ್ಟನ್ನು ಕಳೆಯಿರಿ.

ಹಿಂದಿನ ಚಕ್ರಗಳು ತಿರುಗುವುದಿಲ್ಲವಾದ್ದರಿಂದ ಅಲ್ಲಿ ಏರಿಸುವ ಪರೀಕ್ಷೆಯಷ್ಟೇ ಸಾಕು.

## ಹಂತ 6: ಜಾಗ ಮಾಡುವುದು

ಬಂಪ್ ಸ್ಟಾಪ್, ಸ್ಟೀರಿಂಗ್ ಸ್ಟಾಪ್, ಕೊನೆಗೆ ಕತ್ತರಿ. ಈ ಕ್ರಮ ತಪ್ಪಿಸಬೇಡಿ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ.

ಬಂಪ್ ಸ್ಟಾಪ್. ಮೇಲ್ಗಡೆ 25 ಮಿ.ಮೀ. ಬೇಕಾಗಿ ಬರೀ 5 ಮಿ.ಮೀ. ಉಳಿದಿದ್ದರೆ 20 ಮಿ.ಮೀ. ಸ್ಪೇಸರ್ ಹಾಕಿ. ಸುಮ್ಮನೆ 50 ಹಾಕಿದರೆ ಲಿಫ್ಟ್‌ನಿಂದ ಸಿಕ್ಕ ಓಟವೆಲ್ಲ ಮಾಯವಾಗಿ, ಗಾಡಿ ಪ್ರತಿ ಹಂಪಿಗೂ ಚಾಸಿಗೆ ಗುದ್ದುತ್ತದೆ. ಶಾಕ್ ಪೂರ್ತಿ ಮುಚ್ಚಿಕೊಳ್ಳುವ ಮೊದಲೇ ಬಂಪ್ ಸ್ಟಾಪ್ ತಾಗುತ್ತಿದೆಯೇ ಎಂದೂ ಇದೇ ಹೊತ್ತಿಗೆ ನೋಡಿ. ಶಾಕ್ ಮೊದಲು ಮುಗಿದರೆ ಅದರ ಬುಶ್ ಅಥವಾ ಸೀಲ್ ಉಳಿಯುವುದಿಲ್ಲ.

ಸ್ಟೀರಿಂಗ್ ಸ್ಟಾಪ್. ಚಕ್ರದ ತಿರುವನ್ನು ತಡೆಯುವ ಬೋಲ್ಟ್‌ಗಳ ಲಾಕ್ ನಟ್ ಸಡಿಲಿಸಿ, ಟೈರು ಆರ್ಮ್‌ನಿಂದ 10 ಮಿ.ಮೀ. ದೂರ ನಿಲ್ಲುವಂತೆ ಹೊರಕ್ಕೆ ತಿರುಗಿಸಿ. ಎರಡೂ ಬದಿ ಸಮ ಮಾಡಿ. ತಿರುವಿನ ಸುತ್ತಳತೆ ಸ್ವಲ್ಪ ಹೆಚ್ಚುತ್ತದೆ. ಚಾರ್ಮಾಡಿಯಂಥ ಘಾಟಿಯ ತಿರುವುಗಳಿಗೆ ಪೂರ್ತಿ ಲಾಕ್ ಬೇಕಾಗುವುದಿಲ್ಲವಾದ್ದರಿಂದ ರಸ್ತೆಯಲ್ಲಿ ಇದು ಅಷ್ಟಾಗಿ ಗೊತ್ತಾಗದು.

ಕತ್ತರಿಸುವುದು. ಲೈನರ್ ಪ್ಲಾಸ್ಟಿಕ್ಕನ್ನು ಕೊಯ್ಯುವ ಬದಲು ಹೀಟ್ ಗನ್ನಿನಿಂದ ಮೆತ್ತಗೆ ಮಾಡಿ ಒಳಕ್ಕೆ ಒತ್ತಿ. ಲೈನರ್ ತೆಗೆದೇ ಓಡಿಸಿದರೆ ಕೆಸರು ಒಳಗಿನ ವೈರಿಂಗ್ ಸೇರುತ್ತದೆ. ಬಂಪರಿನ ಮೂಲೆಯನ್ನು ಒಮ್ಮೆಗೆ 10 ಮಿ.ಮೀ. ಮೀರದಂತೆ ತೆಗೆದು ಮತ್ತೆ ಪರೀಕ್ಷಿಸಿ. ತಗಡಿನ ಮಡಿಕೆಯನ್ನು ಸುತ್ತಿಗೆಯಿಂದ ಮಡಿಸಿದರೆ ಬಣ್ಣ ಸಿಡಿಯುತ್ತದೆ. ಅಲ್ಲಿಗೆ ಪ್ರೈಮರ್, ಬಣ್ಣ, ಸೀಲಂಟ್ ಹಚ್ಚದಿದ್ದರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

## ಹಂತ 7: ಲಿಫ್ಟ್ ಬಿಟ್ಟುಹೋದ ಬಾಕಿ ಕೆಲಸ

ದೊಡ್ಡ ಟೈರು ಬಂದ ಮೇಲೆ ಗಾಡಿ ಅಲ್ಲಾಡುತ್ತದೆ ಎನ್ನುವವರಲ್ಲಿ ಅನೇಕರಿಗೆ ತೊಂದರೆ ಇರುವುದು ಟೈರಿನಲ್ಲಲ್ಲ, ಲಿಫ್ಟ್ ಅರ್ಧಕ್ಕೆ ನಿಂತಿರುವುದರಲ್ಲಿ.

50 ಮಿ.ಮೀ. ಎತ್ತಿದಾಗ ಲೀಡಿಂಗ್ ಆರ್ಮ್‌ಗಳು ಕೆಳಮುಖವಾಗಿ ಹೌಸಿಂಗನ್ನು ಮುಂದಕ್ಕೆ ಹೊರಳಿಸುತ್ತವೆ. ಕ್ಯಾಸ್ಟರ್ (ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಎರಡು ಡಿಗ್ರಿ ಆಸುಪಾಸು ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಾರದಿರುವುದು, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುವುದು ಇದರ ಗುರುತು. ಕ್ಯಾಸ್ಟರ್ ಸರಿಪಡಿಸುವ ಓರೆ ತೂತಿನ ಬುಶ್ ಅಥವಾ ಆರ್ಮ್ ಇಳಿಸುವ ಬ್ರ್ಯಾಕೆಟ್ ಹಾಕಬೇಕು. ಅಲೈನ್‌ಮೆಂಟ್ ಅಂಗಡಿಯಲ್ಲಿ ಇದನ್ನು ತಿದ್ದಲಾಗದು. ಗಟ್ಟಿ ಹೌಸಿಂಗಿನ ಗಾಡಿಯಲ್ಲಿ ಅವರು ತಿರುಗಿಸಬಲ್ಲದ್ದು ಟೋ (ಮುಂಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದನ್ನೇ.

ಹೌಸಿಂಗನ್ನು ಅಡ್ಡಕ್ಕೆ ಹಿಡಿದಿಡುವ ಲ್ಯಾಟರಲ್ ರಾಡ್ ಓರೆಯಾದಾಗ ಹೌಸಿಂಗ್ ಅಡ್ಡಕ್ಕೆ ಸರಿಯುತ್ತದೆ. ಮಡ್‌ಗಾರ್ಡ್ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ಎರಡೂ ಬದಿಯ ಟೈರಿಗೆ ಇರುವ ದೂರ ಅಳೆಯಿರಿ. ವ್ಯತ್ಯಾಸದ ಅರ್ಧವೇ ಹೌಸಿಂಗ್ ಸರಿದಿರುವ ಪ್ರಮಾಣ. ಅದು 5 ಮಿ.ಮೀ. ದಾಟಿದರೆ ಉದ್ದ ಹೊಂದಿಸಬಹುದಾದ ರಾಡ್ ಹಾಕಿ, ಇಲ್ಲದಿದ್ದರೆ ಒಂದೇ ಬದಿಯ ಟೈರು ಉಜ್ಜುತ್ತದೆ.

ಬ್ರೇಕ್ ಹೋಸನ್ನು ಹೌಸಿಂಗ್ ಪೂರ್ತಿ ಇಳಿಬಿದ್ದ ಸ್ಥಿತಿಯಲ್ಲಿ, ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿ ನೋಡಿ. ಸ್ವಲ್ಪವೂ ಬಿಗಿಯಾಗಬಾರದು. ಎಬಿಎಸ್ ವೈರ್, ಹೌಸಿಂಗಿನ ಬ್ರೀದರ್ ಪೈಪಿಗೂ ಇದೇ ಮಾತು.

ಇನ್ನು ಗ್ಯಾರೇಜುಗಳು ಪದೇ ಪದೇ ಮಾಡುವ ತಪ್ಪು: ಗಾಡಿ ಜಾಕಿಯ ಮೇಲಿರುವಾಗಲೇ ಆರ್ಮ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯುವುದು. ರಬ್ಬರ್ ಬುಶ್ ಇಳಿಬಿದ್ದ ಸ್ಥಿತಿಯಲ್ಲೇ ಕಚ್ಚಿಕೊಂಡು, ನೆಲಕ್ಕಿಳಿಸಿದಾಗ ತಿರುಚಿ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರದ ಮೇಲೆ ಭಾರ ಕೂತ ನಂತರವೇ ಕೊನೆಯ ಬಿಗಿತ.

## ಹಂತ 8: ಚಕ್ರ ಕೂರಿಸುವುದು

ಟೈರನ್ನು ಡಿಸ್ಕ್‌ಗೆ ಕೂರಿಸುವಾಗ ಅಂಚಿಗೆ ಸೋಪಿನ ನೀರು ಹಚ್ಚಲಿ. 40 ಪಿಎಸ್‌ಐಗೂ ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಪ್ರಯತ್ನಿಸಬೇಕೇ ಹೊರತು ಇನ್ನಷ್ಟು ತುಂಬಬಾರದು. ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಹೊಂದಲಿ. ಬ್ಯಾಲೆನ್ಸಿಂಗ್‌ಗೆ ಸೀಸ ಹಾಕುತ್ತಲೇ ಹೋಗಬೇಕಾಗಿ ಬಂದರೆ ಟೈರನ್ನು ಡಿಸ್ಕ್ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಲು ಹೇಳಿ. ಆಗಲೂ ಕಡಿಮೆಯಾಗದಿದ್ದರೆ ಟೈರು ಬದಲಿಸಿ ಕೊಡಲಿ.

ಹಬ್‌ನ ಮುಖದ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿ. ಪ್ರತಿ ನಟ್ಟನ್ನೂ ಕೈಯಿಂದಲೇ ಹತ್ತಿಸಿ, 9 ಸುತ್ತಾದರೂ ಹಿಡಿಯಬೇಕು. ಐದು ಮೂಲೆಯ ನಕ್ಷತ್ರ ಬರೆಯುವ ಕ್ರಮದಲ್ಲಿ ಮೊದಲು 50, ಆಮೇಲೆ 100 ನ್ಯೂಟನ್ ಮೀಟರಿಗೆ ಬಿಗಿಯಿರಿ. ಕೊನೆಯ ಬಿಗಿತಕ್ಕೆ ಏರ್ ಗನ್ ಬಳಸಲು ಬಿಡಬೇಡಿ. 50 ಕಿ.ಮೀ. ಓಡಿದ ಮೇಲೊಮ್ಮೆ, 200ಕ್ಕೊಮ್ಮೆ ಮರುಪರೀಕ್ಷೆ. ಹೊಸ ಡಿಸ್ಕ್‌ನ ಬಣ್ಣ ಅದುಮಿ ನಟ್ ಸಡಿಲವಾಗುವುದುಂಟು.

ಸ್ಟೆಪ್ನಿಯನ್ನು ಮರೆಯಬೇಡಿ. ಹಿಂಬಾಗಿಲ ಮೇಲೆ ಹೊಸ ಚಕ್ರ ಬಂಪರಿಗೆ ತಾಗದೆ ಬಾಗಿಲು ತೆರೆಯುತ್ತದೆಯೇ ನೋಡಿ. ಹೆಚ್ಚಿದ ತೂಕಕ್ಕೆ ಬಾಗಿಲು ಜೋತುಬಿದ್ದು ಚಿಲಕ ಸರಿಯಾಗಿ ಕೂರದಿದ್ದರೆ ಹಿಂಜ್ ಬಲಪಡಿಸುವ ಬ್ರ್ಯಾಕೆಟ್ ಬೇಕು. ಹಳೆಯ ಸಣ್ಣ ಚಕ್ರವನ್ನೇ ಸ್ಟೆಪ್ನಿಯಾಗಿ ಇಟ್ಟುಕೊಂಡರೆ ಪಂಕ್ಚರ್ ಆದ ದಿನ 4ಎಚ್, 4ಎಲ್ ಎರಡನ್ನೂ ಮುಟ್ಟುವಂತಿಲ್ಲ.

## ಹಂತ 9: ಹೊಂದಿಸುವುದು

ಲಿಫ್ಟ್ ಆದ ಮೇಲೆ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ರಾಡ್) ಕೋನ ಬದಲಾಗಿ ಸ್ಟೀರಿಂಗ್ ಚಕ್ರ ಓರೆ ನಿಲ್ಲುತ್ತದೆ. ಸ್ಟೀರಿಂಗ್ ಚಕ್ರವನ್ನೇ ಕಳಚಿ ನೇರ ಹಾಕುವುದು ತಪ್ಪು. ಡ್ರ್ಯಾಗ್ ಲಿಂಕ್‌ನ ಹೊಂದಾಣಿಕೆ ತಿರುಗಿಸಿ ನೇರ ಮಾಡಬೇಕು. ಇಲ್ಲದಿದ್ದರೆ ನೇರ ಓಡುವಾಗಲೂ ಗಾಡಿ ತಿರುಗುತ್ತಿದೆ ಎಂದು ಸೆನ್ಸರ್ ಹೇಳಿ ಇಎಸ್‌ಪಿ ದೀಪ ಹೊತ್ತಿಕೊಳ್ಳುತ್ತದೆ, ಕೆಲವೊಮ್ಮೆ ಒಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ. ಟೋ ಅಳತೆ ಇದಕ್ಕೂ ಮೊದಲೇ ಆಗಿರಲಿ, ಕೊನೆಗೆ ಹೆಡ್‌ಲೈಟ್ ಇಳಿಸುವುದು.

ಗಾಳಿಗೆ ಚಾಲಕನ ಬಾಗಿಲ ಬಳಿಯ ಚೀಟಿಯ ಅಂಕಿಯಿಂದ ಆರಂಭಿಸಿ. ಟೈರಿನ ಅಗಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಸಮ ರಸ್ತೆಯಲ್ಲಿ ನೂರು ಮೀಟರ್ ನೇರ ಓಡಿಸಿ. ನಡು ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚು ಮಾತ್ರ ಅಳಿಸಿದ್ದರೆ ಕಡಿಮೆ. 2 ಪಿಎಸ್‌ಐ ಹೆಚ್ಚುಕಡಿಮೆ ಮಾಡುತ್ತಾ ಸಮವಾಗಿ ಅಳಿಸುವವರೆಗೆ ನೋಡಿ. ಕೆಸರಿನಲ್ಲಿ 16ರಿಂದ 18 ಪಿಎಸ್‌ಐ ಸಾಕು. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿ.

235/75 ಹಾಕಿದ ಮೇಲೆ ಗಾಡಿ ಮೀಟರ್ ಎಣಿಸುವುದಕ್ಕಿಂತ ಶೇ. 5.8ರಷ್ಟು ಹೆಚ್ಚು ಓಡುತ್ತದೆ. ಮೊದಲು ನಿಖರವಾಗಿದ್ದ ಮೀಟರ್ ಈಗ 80 ತೋರಿಸಿದರೆ ನಿಜವಾದ ವೇಗ ಸುಮಾರು 85. ಮೈಲೇಜ್ ಬಿದ್ದುಹೋಯಿತು ಎನ್ನುವ ಮೊದಲು ಓಡಿದ ದೂರವನ್ನು 1.058ರಿಂದ ಗುಣಿಸಿ. ಘಾಟಿ ಹತ್ತುವಾಗ ಒಂದು ಗೇರ್ ಕೆಳಗೆ ಓಡಿಸಬೇಕಾಗುತ್ತದೆ. ಬ್ರೇಕ್ ಹಿಡಿಯಲು ಬೇಕಾಗುವ ದೂರವೂ ಹೆಚ್ಚುತ್ತದೆ, ಮುಂದಿನ ಗಾಡಿಯಿಂದ ಅಂತರ ಬಿಡಿ.

## ಮೊದಲ 500 ಕಿ.ಮೀ.: ಯಾವುದನ್ನು ಕಡೆಗಣಿಸಬಾರದು

ಟೈರಿನ ಒಳಗೋಡೆಯಲ್ಲಿ ಹೊಳೆಯುವ ಪಟ್ಟಿ. ಆರ್ಮ್‌ಗೆ ಉಜ್ಜುತ್ತಿದೆ. ಶಬ್ದ ಕೇಳದಿದ್ದರೂ ಗೋಡೆ ತೆಳುವಾಗುತ್ತಿರುತ್ತದೆ. ಸ್ಟೀರಿಂಗ್ ಸ್ಟಾಪ್ ಮತ್ತೆ ನೋಡಿ.

ಒಂದೇ ಅಂಚು ಗರಗಸದಂತೆ ಸವೆಯುವುದು. ಟೋ ತಪ್ಪಿದೆ.

ನಿಧಾನ ವೇಗದಲ್ಲಿ ಟಕ್ ಟಕ್ ಸದ್ದು. ಕೂಡಲೇ ನಿಲ್ಲಿಸಿ ವೀಲ್ ನಟ್ ನೋಡಿ. ಸಡಿಲವಾದ ನಟ್ ಡಿಸ್ಕ್‌ನ ತೂತನ್ನು ಅಂಡಾಕಾರ ಮಾಡಿದ್ದರೆ ಆ ಡಿಸ್ಕ್ ಮತ್ತೆ ಬಳಸಬೇಡಿ.

60ರಿಂದ 80ರ ವೇಗದಲ್ಲಿ ಸ್ಟೀರಿಂಗ್ ಜೋರಾಗಿ ನಡುಗುವುದು. ಬ್ರೇಕ್ ಗುದ್ದದೆ, ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ. ಕಾರಣ ಹುಡುಕುವಾಗ ಬ್ಯಾಲೆನ್ಸಿಂಗ್, ಲ್ಯಾಟರಲ್ ರಾಡ್ ಬುಶ್, ಟೈ ರಾಡ್ ತುದಿಗಳು, ಕಿಂಗ್‌ಪಿನ್ ಬೇರಿಂಗ್, ಕ್ಯಾಸ್ಟರ್ ಈ ಕ್ರಮದಲ್ಲಿ ಹೋಗಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಿರಲಿ, ಇನ್ನೊಬ್ಬರು ಲ್ಯಾಟರಲ್ ರಾಡ್‌ನ ಬೋಲ್ಟ್ ಮೇಲೆ ಬೆರಳಿಟ್ಟು ನೋಡಲಿ: ಅಲ್ಲಿ ಆಟ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ. ಈ ಐದನ್ನೂ ನೋಡದೆ ದುಬಾರಿ ಸ್ಟೀರಿಂಗ್ ಡ್ಯಾಂಪರ್ ಮಾತ್ರ ಹಾಕಿದರೆ ನಡುಕ ಕೆಲವು ತಿಂಗಳು ಅಡಗಿರುತ್ತದೆ, ಅಷ್ಟರಲ್ಲಿ ಸಡಿಲವಿದ್ದ ಬುಶ್ ಬೋಲ್ಟ್‌ನ ತೂತನ್ನೂ ಅಗಲ ಮಾಡಿರುತ್ತದೆ.